ಬುಟ್ಟಿ ನೋಡಿ ಅಡುಗೆ ಮಾಡಿ: ಹಿತ್ತಲ ತರಕಾರಿ ಒಮ್ಮೆಲೇ ಕೈಗೆ ಬಂದಾಗ

ಮಳೆಗಾಲ ಕಳೆಯುತ್ತಿದ್ದಂತೆ ದಾವಣಗೆರೆಯ ನಮ್ಮ ಮನೆ ಹಿತ್ತಲು ಒಮ್ಮೆಲೇ ಕೊಡಲು ಶುರು ಮಾಡುತ್ತದೆ. ಜೂನ್‌ನಲ್ಲಿ ಬೀಜ ಹಾಕಿದ ಹೀರೆ ಬಳ್ಳಿ ಕಾಂಪೌಂಡ್ ದಾಟಿ ಪಕ್ಕದ ಮನೆಯ ಪೇರಲ ಗಿಡಕ್ಕೆ ಹಬ್ಬಿರುತ್ತದೆ. ಆರು ಬದನೆ ಗಿಡ, ಎಂಟು ಟೊಮೆಟೊ ಗಿಡ, ಒಂದು ಸಾಲು ಬೆಂಡೆ, ಮೂಲೆಯಲ್ಲಿ ಸೋರೆ. ವಾರಕ್ಕೆ ಎಂಟು ಹತ್ತು ಕಿಲೊ ತರಕಾರಿ. ಮನೆಯಲ್ಲಿರುವುದು ನಾಲ್ಕು ಜನ.

ಮೊದಲ ಎರಡು ವರ್ಷ ಅದರಲ್ಲಿ ಅರ್ಧದಷ್ಟು ಫ್ರಿಜ್‌ನಲ್ಲೇ ಕೊಳೆಯಿತು. ನೀರು ಹೊತ್ತು ಹಾಕಿ, ಹುಳ ಆರಿಸಿ ಬೆಳೆಸಿದ ಕಾಯಿ ಅದು. ಎತ್ತಿ ಹೊರಗೆ ಹಾಕುವಾಗ ಹೊಟ್ಟೆ ಉರಿಯುತ್ತಿತ್ತು. ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟವರು ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ ಹೊಲ ಮನೆ ನೋಡಿಕೊಂಡು ಬೆಳೆದ ನಮ್ಮ ಅತ್ತೆ. "ನೀನು ಇವತ್ತು ಏನು ತಿನ್ನಬೇಕು ಅಂತ ಯೋಚಿಸಿ ಆಮೇಲೆ ಹಿತ್ತಲಿಗೆ ಹೋಗ್ತೀಯ. ಮೊದಲು ಬುಟ್ಟಿ ನೋಡಮ್ಮ, ಅಡುಗೆ ಏನು ಅಂತ ಅದೇ ಹೇಳುತ್ತೆ" ಅಂದರು. ಈ ಲೇಖನದಲ್ಲಿ ಇರುವುದೆಲ್ಲ ಆ ಮಾತನ್ನು ದಿನಾ ನಡೆಸುವುದು ಹೇಗೆ ಅನ್ನುವುದೇ.

ಕೊಯ್ಲಿನಿಂದ ಶುರು ಮಾಡಿ

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕೊಯ್ಯಿರಿ. ಮಧ್ಯಾಹ್ನ ಕೊಯ್ದ ಸೊಪ್ಪು, ಬೆಂಡೆ ಸಂಜೆಗೇ ಬಾಡುತ್ತದೆ. ಕಾಯಿ ಇನ್ನೂ ಸ್ವಲ್ಪ ದೊಡ್ಡದಾಗಲಿ ಅಂತ ಬಿಡಬೇಡಿ. ಹೀರೆ ಎರಡು ದಿನ ಜಾಸ್ತಿ ನಿಂತರೆ ಒಳಗೆ ನಾರು ಕೂರುತ್ತದೆ. ಬೆಂಡೆಯೂ ಅಷ್ಟೇ, ತುದಿ ಮುರಿದರೆ 'ಚಟ್' ಅನ್ನುವಾಗಲೇ ಕಿತ್ತುಬಿಡಬೇಕು. ಇನ್ನೊಂದು ಕಾರಣವೂ ಇದೆ. ಬೆಂಡೆ, ಹೀರೆ, ಸೌತೆ, ಹುರುಳಿಕಾಯಿ ಇವೆಲ್ಲ ಬೀಜ ಬಲಿತ ಕೂಡಲೇ ಹೂ ಬಿಡುವುದನ್ನು ಕಡಿಮೆ ಮಾಡುತ್ತವೆ. ಎಳೆಯದಾಗಿ ಕೊಯ್ಯುತ್ತಿದ್ದರೆ ಗಿಡ ಕೊಡುತ್ತಲೇ ಇರುತ್ತದೆ.

ತಂದ ಕೂಡಲೇ ಎಲ್ಲವನ್ನೂ ತೊಳೆಯಬೇಡಿ. ಒದ್ದೆ ಬೆಂಡೆ ಒಂದೇ ರಾತ್ರಿಗೆ ಲೋಳೆ ಬರುತ್ತದೆ. ಮಣ್ಣು ಒರೆಸಿಡಿ, ಹೆಚ್ಚುವ ಮುಂಚೆ ತೊಳೆದರೆ ಸಾಕು.

ಮೂರು ಗುಂಪು ಮಾಡಿ

ನೆಲದ ಮೇಲೆ ಒಂದು ಹಳೆಯ ಪಂಚೆ ಹಾಸಿ ಎಲ್ಲ ಸುರಿಯಿರಿ. ಮೊದಲ ಗುಂಪು ಇವತ್ತು ನಾಳೆಗೆ: ಸೊಪ್ಪು, ಹುಳ ಕಚ್ಚಿದ್ದು, ಒಡೆದ ಟೊಮೆಟೊ. ಎರಡನೆಯದು ಈ ವಾರಕ್ಕೆ: ಬೆಂಡೆ, ಹೀರೆ, ಬದನೆ, ಗೋರಿಕಾಯಿ. ಮೂರನೆಯದು ಕಾಯಬಲ್ಲದ್ದು: ಹಸಿರು ಟೊಮೆಟೊ, ಸೋರೆ, ತೊಟ್ಟಿನ ಸಮೇತ ಕೊಯ್ದ ಕುಂಬಳ. ಬಲಿತ ಬೂದುಗುಂಬಳ ಗಾಳಿಯಾಡುವ ಕಡೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ಅವಸರ ಮಾಡಬೇಡಿ. ಎಷ್ಟೋ ಜನ ಕುಂಬಳವನ್ನು ಮೊದಲು ಹೆಚ್ಚಿ, ಮೆಂತ್ಯ ಸೊಪ್ಪನ್ನು ಹಳದಿ ಆಗಲು ಬಿಡುತ್ತಾರೆ.

ಸೊಪ್ಪಿನ ಬೇರು ಕತ್ತರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಬದನೆಯನ್ನು ಫ್ರಿಜ್‌ನ ತೀರಾ ತಣ್ಣಗಿನ ಭಾಗದಲ್ಲಿ ಇಡಬೇಡಿ. 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇದ್ದರೆ ಸಿಪ್ಪೆ ಮೇಲೆ ಕುಳಿ ಬಿದ್ದು ಒಳಗೆ ಕಂದಾಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಜಾಗ ನೀರಿನ ಮಡಕೆಯ ಪಕ್ಕ. ಟೊಮೆಟೊ ಹಣ್ಣಾಗುವವರೆಗೆ ಹೊರಗೇ ಇರಲಿ, ತೊಟ್ಟು ಕೆಳಗೆ ಮಾಡಿ ಒಂದೇ ಪದರವಾಗಿ ಜೋಡಿಸಿ.

ಸೊಪ್ಪು: ಒಂದೇ ಕಟ್ಟು, ಎರಡು ಊಟ

ದಾವಣಗೆರೆ 1997ರವರೆಗೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಎರಡೂ ಕಡೆಯ ಊಟ ನಡೆಯುತ್ತದೆ. ನನಗೆ ರೊಟ್ಟಿ, ಅತ್ತೆಗೆ ಮುದ್ದೆ. ಸೊಪ್ಪು ಜಾಸ್ತಿ ಬಂದಾಗ ಇದು ತುಂಬಾ ಅನುಕೂಲ, ಯಾಕೆಂದರೆ ಬಸ್ಸಾರು ಮಾಡಿದರೆ ಎರಡೂ ಒಟ್ಟಿಗೆ ಸಿಗುತ್ತವೆ.

ದಂಟು, ಕೀರೆ, ಸಬ್ಬಸಿಗೆ, ಯಾವುದಿದ್ದರೂ ಸರಿ. ಒಂದು ಲೋಟ ತೊಗರಿಬೇಳೆ ಮುಕ್ಕಾಲು ಬೆಂದಾಗ ಎರಡು ದೊಡ್ಡ ಕಟ್ಟು ಸೊಪ್ಪು ಹಾಕಿ, ಉಪ್ಪು ಹಾಕಿ ಬೇಯಿಸಿ. ಬೇಳೆ ಕರಗಬಾರದು. ಬೇಳೆ ಸೊಪ್ಪು ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದು ಬೇರೆ ಮಾಡಿ. ಬೆಂದ ಸೊಪ್ಪು ಬೇಳೆಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಅದರದ್ದೇ ಎರಡು ಸೌಟನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಧನಿಯಾ, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣಿನ ಜೊತೆ ರುಬ್ಬಿ ಬಸಿದ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಪಲ್ಯ ರೊಟ್ಟಿಗೆ, ಸಾರು ಮುದ್ದೆಗೆ. ಎರಡು ಕಟ್ಟು ಸೊಪ್ಪು ಒಂದೇ ಹೊತ್ತಿಗೆ ಖಾಲಿ.

ಮೆಂತ್ಯ ಮಿಕ್ಕರೆ ಎಲೆ ಬಿಡಿಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಪುಂಡಿ ಸೊಪ್ಪು ಜಾಸ್ತಿ ಇದ್ದರೆ ಎಣ್ಣೆಯಲ್ಲಿ ಬಾಡಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜೊತೆ ಅರೆದಿಡಿ. ಅದರ ಹುಳಿಗೆ ಫ್ರಿಜ್‌ನಲ್ಲಿ ವಾರ ಇರುತ್ತದೆ.

ಹೀರೆ, ಸೋರೆ: ಮೊದಲು ರುಚಿ ನೋಡಿ

ಇದನ್ನು ದಯವಿಟ್ಟು ಮರೆಯಬೇಡಿ. ಹೀರೆ, ಸೋರೆ, ಸೌತೆ ಹೆಚ್ಚುವ ಮುಂಚೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಈ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಸ್ತು ಇರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ವಾಂತಿ, ರಕ್ತಭೇದಿ ಆಗಿ ಆಸ್ಪತ್ರೆ ಸೇರಿದವರಿದ್ದಾರೆ, ಜೀವ ಹೋದದ್ದೂ ಇದೆ. ಸಕ್ಕರೆ ಹಾಕಿ, ಹುಣಸೆ ಹಾಕಿ ಸರಿ ಮಾಡೋಣ ಅನ್ನಬೇಡಿ. ಮನೆಯಲ್ಲಿ ಬೆಳೆದದ್ದು ಅಂತ ಆಸೆಗೆ ಇಟ್ಟುಕೊಳ್ಳಬೇಡಿ.

ಸಿಹಿಯಾಗಿದ್ದರೆ ಹೀರೆಯಷ್ಟು ಕೈ ಹಿಡಿಯುವ ತರಕಾರಿ ಇನ್ನೊಂದಿಲ್ಲ. ಒಂದು ಕಿಲೊ ಹೀರೆಯ ಏಣು ತೆಗೆದು ಆ ಸಿಪ್ಪೆಯನ್ನು ಬೇರೆ ಇಡಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಒಂದೊಂದು ಚಮಚ ಕಡಲೆಬೇಳೆ, ಉದ್ದಿನಬೇಳೆ ಹಾಕಿ ಕೆಂಪಾಗಿಸಿ, ಆರು ಒಣಮೆಣಸಿನಕಾಯಿ ಹುರಿದು ತೆಗೆಯಿರಿ. ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಹಸಿವಾಸನೆ ಹೋಗುವವರೆಗೆ, ಸುಮಾರು ಎಂಟು ಹತ್ತು ನಿಮಿಷ ಬಾಡಿಸಿ. ಹುಣಸೆ, ಉಪ್ಪು, ಸ್ವಲ್ಪ ಬೆಲ್ಲ, ಹುರಿದ ಎಳ್ಳು ಸೇರಿಸಿ ತರಿತರಿಯಾಗಿ ರುಬ್ಬಿ. ಸಿಪ್ಪೆ ಬಿಸಿ ಇರುವಾಗ ರುಬ್ಬಿದರೆ ಚಟ್ನಿ ಅಂಟಂಟಾಗುತ್ತದೆ, ಆರಲು ಬಿಡಿ. ಬೆಣ್ಣೆ ದೋಸೆಗೆ ಇದನ್ನು ಒಮ್ಮೆ ಹಚ್ಚಿ ನೋಡಿ. ಹೋಟೆಲಿನ ಬಿಳಿ ಚಟ್ನಿ ಜೊತೆ ದೋಸೆ ತಿಂದು ಬೆಳೆದ ನಮ್ಮ ಮಕ್ಕಳೂ ಈಗ ಇದನ್ನೇ ಕೇಳುತ್ತಾರೆ.

ಒಳಗಿನ ತಿರುಳಿನಲ್ಲಿ ಅರ್ಧ ಹೆಸರುಬೇಳೆ ಜೊತೆ ತೊವ್ವೆಗೆ. ಇನ್ನರ್ಧ ಬಿಲ್ಲೆ ಮಾಡಿ ಬಜ್ಜಿಗೆ. ಮಿರ್ಚಿಗೆ ಕಲಸುವ ಕಡಲೆಹಿಟ್ಟಿನಲ್ಲೇ ಅದ್ದಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಬಿಡಿ. ಸಂಜೆ ಒಗ್ಗರಣೆ ಮಂಡಕ್ಕಿ ಮಾಡಿದರೆ ಹಣ್ಣಾದ ಟೊಮೆಟೊ ಎರಡು, ಹಸಿಮೆಣಸಿನಕಾಯಿ ನಾಲ್ಕು ಅದರಲ್ಲೇ ಮುಗಿಯುತ್ತವೆ. ಊರಿನ ಮಂಡಕ್ಕಿ ಜೊತೆ ಹಿತ್ತಲ ಬಜ್ಜಿ ಇಟ್ಟರೆ ಬಂದವರೂ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಸೋರೆಗೆ ಹೆಚ್ಚು ಯೋಚನೆ ಬೇಡ. ತುರಿದು ಜೋಳದ ಹಿಟ್ಟು, ಈರುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜೊತೆ ಕಲಸಿ ತಾಲಿಪಟ್ಟು ತಟ್ಟಿ. ಸೋರೆಯ ನೀರೇ ಸಾಕು, ಬೇರೆ ನೀರು ಹಾಕುವ ಮುಂಚೆ ಹತ್ತು ನಿಮಿಷ ಕಾಯಿರಿ.

ಬದನೆ: ಮಸಾಲೆ ಪುಡಿ ಮೊದಲೇ ಮಾಡಿಟ್ಟುಕೊಳ್ಳಿ

ಬದನೆ ಒಂದು ಸಲ ಶುರುವಾದರೆ ತಿಂಗಳಾನುಗಟ್ಟಲೆ ಬಿಡುತ್ತದೆ. ವಾರಕ್ಕೆ ಮೂರು ಸಲ ತುಂಬುಗಾಯಿ ಮಾಡಿದರೂ ಬೇಜಾರಾಗುವುದಿಲ್ಲ. ಬೇಜಾರಾಗುವುದು ಪ್ರತಿ ಸಲ ಮಸಾಲೆ ಹುರಿದು ಕುಟ್ಟುವ ಕೆಲಸಕ್ಕೆ. ಅದನ್ನು ಒಂದೇ ಸಲ ಮಾಡಿಟ್ಟುಕೊಳ್ಳಿ.

ಎರಡು ಲೋಟ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಅರ್ಧ ಲೋಟ ಹುಚ್ಚೆಳ್ಳು (ನಮ್ಮಲ್ಲಿ ಗುರೆಳ್ಳು ಅಂತಲೂ ಅನ್ನುತ್ತಾರೆ), ಕಾಲು ಲೋಟ ಬಿಳಿ ಎಳ್ಳು, ನಾಲ್ಕು ಚಮಚ ಧನಿಯಾ, ಎರಡು ಚಮಚ ಜೀರಿಗೆ ಬೇರೆ ಬೇರೆಯಾಗಿ ಹುರಿಯಿರಿ. ಹುಚ್ಚೆಳ್ಳು ಚಟಪಟ ಅಂದ ಕೂಡಲೇ ಇಳಿಸಿ, ಸೀದರೆ ಇಡೀ ಪುಡಿ ಕಹಿಯಾಗುತ್ತದೆ. ಒಂದು ಲೋಟ ಒಣಕೊಬ್ಬರಿ ತುರಿ ಬೆಚ್ಚಗೆ ಮಾಡಿ. ಎಲ್ಲ ಪೂರ್ತಿ ಆರಿದ ಮೇಲೆ ನಾಲ್ಕು ಚಮಚ ಖಾರದ ಪುಡಿ, ಉಪ್ಪು ಸೇರಿಸಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ. ಬೆಳ್ಳುಳ್ಳಿ, ಹುಣಸೆ, ಬೆಲ್ಲ ಈಗ ಹಾಕಬೇಡಿ. ಒದ್ದೆ ಪದಾರ್ಥ ಇಲ್ಲದಿದ್ದರೆ ಪುಡಿ ಗಾಳಿಯಾಡದ ಡಬ್ಬಿಯಲ್ಲಿ ಮೂರು ವಾರ ಚೆನ್ನಾಗಿರುತ್ತದೆ.

ಅಡುಗೆ ದಿನ ಹತ್ತು ಹನ್ನೆರಡು ಎಳೆ ಬದನೆಗೆ ತೊಟ್ಟು ಬಿಡಿಸದೆ ನಾಲ್ಕು ಸೀಳು ಕೊಟ್ಟು ಉಪ್ಪು ನೀರಿನಲ್ಲಿ ಬಿಡಿ, ಕಪ್ಪಾಗುವುದಿಲ್ಲ. ಆರು ಚಮಚ ಪುಡಿಗೆ ಜಜ್ಜಿದ ಬೆಳ್ಳುಳ್ಳಿ, ಹುಣಸೆ ರಸ, ಬೆಲ್ಲ, ಹೆಚ್ಚಿದ ಈರುಳ್ಳಿ ಕಲಸಿ ಒಳಗೆ ತುಂಬಿ. ದಪ್ಪ ತಳದ ಬಾಣಲೆಯಲ್ಲಿ ಅರ್ಧ ಲೋಟ ಶೇಂಗಾ ಎಣ್ಣೆ ಕಾಯಿಸಿ. ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಕರೆಯುವ ಸೀಮೆ ನಮ್ಮದು, ಎಣ್ಣೆಗಾಯಿಗೆ ಬೇರೆ ಎಣ್ಣೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಬದನೆ ಇಟ್ಟು, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಸ್ವಲ್ಪ ನೀರು ಹಾಕಿ. ಸಣ್ಣ ಉರಿಯಲ್ಲಿ ಆಗಾಗ ತಿರುವಿ. ಇಪ್ಪತ್ತು ನಿಮಿಷಕ್ಕೆ ಸುತ್ತ ಎಣ್ಣೆ ಬಿಡುತ್ತದೆ, ಚಮಚದಿಂದ ಒತ್ತಿದರೆ ತೊಟ್ಟಿನ ಹತ್ತಿರವೂ ಮೆತ್ತಗಿರಬೇಕು. ಅಷ್ಟು ಆದರೆ ಇಳಿಸಿ. ಬಿಸಿ ಜೋಳದ ರೊಟ್ಟಿ, ಹಸಿ ಈರುಳ್ಳಿ ಇದ್ದರೆ ಸಾಕು.

ಇದೇ ಪುಡಿ ತೊಂಡೆಗೆ, ದೊಣ್ಣೆಮೆಣಸಿನಕಾಯಿಗೆ, ಹೀರೆ ತುಂಡಿಗೂ ಹೊಂದುತ್ತದೆ.

ಬಲಿತು ಬೀಜ ಕಟ್ಟಿದ ಬದನೆ ತುಂಬುಗಾಯಿಗೆ ಬೇಡ. ಎಣ್ಣೆ ಸವರಿ, ಎರಡು ಕಡೆ ಚುಚ್ಚಿ ಉರಿಯ ಮೇಲೆ ಸುಟ್ಟು ಸಿಪ್ಪೆ ತೆಗೆದು ಗೊಜ್ಜು ಮಾಡಿ. ಚುಚ್ಚದಿದ್ದರೆ ಸಿಡಿಯುತ್ತದೆ. ಸುಟ್ಟ ತಿರುಳನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿದರೆ ಮೂರು ತಿಂಗಳು ಬಳಸಬಹುದು.

ಟೊಮೆಟೊ ತೊಕ್ಕು

ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಆ ನೀರು ಹೋದರೆ ಬುಟ್ಟಿ ತುಂಬ ಇದ್ದದ್ದು ಒಂದು ಬಾಟಲಿಗೆ ಇಳಿಯುತ್ತದೆ. ಎರಡು ಕಿಲೊ ಹಣ್ಣು ಹೆಚ್ಚಿ, ನಿಂಬೆಹಣ್ಣಿನ ಗಾತ್ರದ ಹುಣಸೆ ಸೇರಿಸಿ, ನೀರು ಹಾಕದೆ ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿ. ಅಲ್ಯುಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ. ಹುಳಿ ಆ ಲೋಹವನ್ನು ಕರಗಿಸುತ್ತದೆ. ರಸ ಇಂಗಿದ ಮೇಲೆ ಆರಿಸಿ ರುಬ್ಬಿ. ಒಂದು ಲೋಟ ಎಣ್ಣೆಗೆ ಸಾಸಿವೆ, ಇಂಗು, ಇಪ್ಪತ್ತು ಎಸಳು ಬೆಳ್ಳುಳ್ಳಿ ಹಾಕಿ, ರುಬ್ಬಿದ್ದನ್ನು ಸುರಿದು, ಮೂರು ಚಮಚ ಉಪ್ಪು, ನಾಲ್ಕು ಚಮಚ ಖಾರದ ಪುಡಿ ಹಾಕಿ. ಇನ್ನು ಒಲೆ ಬಿಟ್ಟು ಹೋಗುವಂತಿಲ್ಲ, ಹಾರುತ್ತದೆ, ತಳ ಹಿಡಿಯುತ್ತದೆ. ಸೌಟು ಎಳೆದರೆ ತಳ ಕಾಣಬೇಕು, ಅಂಚಿನಲ್ಲಿ ಎಣ್ಣೆ ತೇಲಬೇಕು. ಕೊನೆಗೆ ಹುರಿದ ಮೆಂತ್ಯದ ಪುಡಿ ಒಂದು ಚಮಚ.

ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಒಣ ಚಮಚ ಬಳಸಿದರೆ ಒಂದು ತಿಂಗಳು ನಿಶ್ಚಿಂತೆ. ಗಾಳಿಗೆ ಬಿದ್ದ ಹಸಿರು ಟೊಮೆಟೊ ಇದ್ದರೆ ಹಸಿಮೆಣಸಿನಕಾಯಿ, ಶೇಂಗಾ ಜೊತೆ ಹುರಿದು ಚಟ್ನಿ ಮಾಡಿ, ಹುಣಸೆ ಬೇಕಾಗುವುದಿಲ್ಲ.

ನಮ್ಮ ಬಿಸಿಲನ್ನು ಬಳಸಿಕೊಳ್ಳಿ

ಮಲೆನಾಡಿನ ನಮ್ಮ ನೆಂಟರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಗಾಳಿ ಒಣ, ಬಿಸಿಲು ಖಡಕ್ಕು. ಅದರಲ್ಲೂ ಚಿತ್ರದುರ್ಗದ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾಳಿಗೆ ಮೇಲೆ ಹಾಕಿದ ಕಾಯಿ ಮೂರು ನಾಲ್ಕು ದಿನಕ್ಕೆ ಗಲಗಲ ಅನ್ನುತ್ತದೆ. ಆದರೆ ಮೋಡ ಇರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದು ಸೆಪ್ಟೆಂಬರ್‌ನಲ್ಲಿ ಆಸೆ ಬಿದ್ದು ಎರಡು ಕಿಲೊ ಗೋರಿಕಾಯಿ ಒಣಹಾಕಿದ್ದೆ. ಎರಡನೇ ದಿನ ಮಳೆ ಹಿಡಿಯಿತು, ನಾಲ್ಕನೇ ದಿನಕ್ಕೆ ಬೂಷ್ಟು. ಬೂಷ್ಟು ಬಂದದ್ದನ್ನು ಒರೆಸಿ ಉಳಿಸಿಕೊಳ್ಳುವ ಹಾಗಿಲ್ಲ, ಎಲ್ಲ ಹೊರಗೆ ಹೋಯಿತು. ಮಳೆಗಾಲದ ಫಸಲಿಗೆ ತೊಕ್ಕು, ಫ್ರೀಜರ್. ಚಳಿಗಾಲ, ಬೇಸಿಗೆಯ ಫಸಲಿಗೆ ಬಿಸಿಲು.

ಬಾಳಕದ ಮೆಣಸಿನಕಾಯಿ ಹೀಗೆ ಮಾಡಿ. ಖಾರ ಕಡಿಮೆ ಇರುವ ದಪ್ಪ ಹಸಿಮೆಣಸಿನಕಾಯಿ ಒಂದು ಕಿಲೊ, ತೊಟ್ಟು ಇರಲಿ, ಮಧ್ಯೆ ಒಂದು ಸೀಳು. ಅರ್ಧ ಲೀಟರ್ ಹುಳಿ ಮೊಸರನ್ನು ಕಡೆದು 80ರಿಂದ 100 ಗ್ರಾಂ ಉಪ್ಪು, ಮೆಂತ್ಯ ಜೀರಿಗೆ ಪುಡಿ ಬೆರೆಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಮೆಣಸಿನಕಾಯಿ ಮಾತ್ರ ತೆಗೆದು ಬಿಸಿಲಿಗೆ. ಸಂಜೆ ಅದೇ ಮಜ್ಜಿಗೆಗೆ ವಾಪಸ್. ಮಜ್ಜಿಗೆ ಮುಗಿಯುವವರೆಗೆ ಎರಡು ಮೂರು ದಿನ ಹೀಗೇ ಮಾಡಿ, ಆಮೇಲೆ ಪೂರ್ತಿ ಒಣಗಿಸಿ. ಗೋರಿಕಾಯಿ, ಹಾಗಲಕಾಯಿ ಬಿಲ್ಲೆಯನ್ನು ಮೊದಲು ಉಪ್ಪು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿ ಬಸಿದು, ಆಮೇಲೆ ಮಜ್ಜಿಗೆಗೆ ಹಾಕಿ. ಒಂದು ಕಿಲೊ ಹಸಿ ಕಾಯಿ ಒಣಗಿದಾಗ ಒಂದೆರಡು ಹಿಡಿಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ ಅಷ್ಟೇ. ಗಾಬರಿಯಾಗಬೇಡಿ.

ಮೊರದ ಮೇಲೆ ತೆಳು ಬಿಳಿ ಬಟ್ಟೆ ಮುಚ್ಚಿ, ನೊಣ ಧೂಳು ಕೂರುವುದಿಲ್ಲ. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ಮುರಿದರೆ ಬಾಗದೆ ಪಟ್ ಅಂತ ಮುರಿಯಬೇಕು. ಬಿಸಿಲಿಂದ ತಂದ ಕೂಡಲೇ ಡಬ್ಬಿಗೆ ತುಂಬಬೇಡಿ, ಆರಲಿ. ಮೊದಲ ವಾರ ದಿನಾ ಗಾಜಿನ ಡಬ್ಬಿಯ ಒಳಗೋಡೆ ನೋಡಿ. ಒಂದು ಹನಿ ತೇವ ಕಂಡರೂ ಮತ್ತೆ ಒಂದು ದಿನ ಬಿಸಿಲು.

ಬೂದುಗುಂಬಳ ಉಳಿದಿದ್ದರೆ ಬೇಸಿಗೆಗೆ ಉದ್ದಿನಹಿಟ್ಟಿನ ಜೊತೆ ಸಂಡಿಗೆ ಇಡಿ. ಸಿಹಿಗುಂಬಳ ಪಲ್ಯಕ್ಕೆ, ಸಾಂಬಾರಿಗೆ ನಿಧಾನವಾಗಿ ಖರ್ಚಾಗುತ್ತದೆ.

ಫ್ರೀಜರ್, ಮತ್ತೆ ಒಂದು ಎಚ್ಚರಿಕೆ

ಹುರುಳಿಕಾಯಿ, ಅವರೆಕಾಳು, ನುಗ್ಗೆ ತುಂಡನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆ ಮೇಲೆ ಆರಿಸಿ ಕಟ್ಟಿಡಿ. ಹಸಿಯಾಗೇ ಇಟ್ಟರೆ ಕಾಯಿಯೊಳಗಿನ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ, ತಿಂಗಳಲ್ಲಿ ಬಣ್ಣ ರುಚಿ ಕೆಡುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟು ಮಾತ್ರ ಒಂದೊಂದು ಕಟ್ಟಿನಲ್ಲಿರಲಿ. ಕರೆಂಟ್ ಬಹಳ ಹೊತ್ತು ಹೋಗಿ ಪೂರ್ತಿ ಕರಗಿದ್ದರೆ ಮತ್ತೆ ಗಟ್ಟಿ ಮಾಡಬೇಡಿ. ಇನ್ನೂ ತಣ್ಣಗಿದ್ದರೆ ಅವತ್ತೇ ಬೇಯಿಸಿ, ಬೆಚ್ಚಗಾಗಿದ್ದರೆ ಬಿಟ್ಟುಬಿಡಿ.

ಬೇಯಿಸಿದ ತರಕಾರಿಯನ್ನು ನೀರಿನ ಸಮೇತ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಹೊರಗಿಡಬೇಡಿ. ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯನ್ನು ಸುಮ್ನೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಬೇಡ. ಹುಳಿ ಇಲ್ಲದ, ಗಾಳಿ ಇಲ್ಲದ ಜಾಗದಲ್ಲಿ ಬಾಟುಲಿನಮ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಅದಕ್ಕೆ ವಾಸನೆಯೂ ಇರಬೇಕೆಂದಿಲ್ಲ, ಬಣ್ಣವೂ ಇರಬೇಕೆಂದಿಲ್ಲ. ಉಪ್ಪಿನಕಾಯಿ ಉಳಿಯುವುದು ಉಪ್ಪು ಮತ್ತು ಹುಳಿಯಿಂದ. "ಉಪ್ಪು ಕಡಿಮೆ ಮಾಡೋಣ" ಅಂತ ಅದರಲ್ಲಿ ಕೈ ಬಿಗಿ ಹಿಡಿದರೆ, ಆ ಉಪ್ಪಿನಕಾಯಿಯ ಜಾಗ ಫ್ರಿಜ್.

ಹಂಚುವುದಕ್ಕೂ ಒಂದು ರೀತಿ ಇದೆ

ಓಣಿಯಲ್ಲಿ ಎಲ್ಲರ ಹಿತ್ತಲಲ್ಲೂ ಹೀರೆ ಬಿಟ್ಟಿರುವಾಗ ಹೀರೆ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಸಿಪ್ಪೆ ಚಟ್ನಿ ಮಾಡಿ ಒಂದು ಬಟ್ಟಲು ಕೊಡಿ. ಕಾಯಿ ಕೊಡುವುದಾದರೆ ಬೆಳಿಗ್ಗೆಯೇ ಕೊಡಿ, ಅವರ ಅಡುಗೆ ಆಗುವ ಮುಂಚೆ. ಒಳ್ಳೆಯದನ್ನು ಕೊಟ್ಟು ಹುಳ ಕಚ್ಚಿದ್ದನ್ನು ನೀವಿಟ್ಟುಕೊಳ್ಳಿ, ಆ ಭಾಗ ಕತ್ತರಿಸಿದರೆ ಸಾರಿಗೆ ಅದು ಚೆನ್ನಾಗೇ ಇರುತ್ತದೆ. ಬಟ್ಟಲು ವಾಪಸ್ ಬರುವಾಗ ಖಾಲಿ ಬರುವುದು ಕಡಿಮೆ. ನಮಗೆ ಹಾಗೆ ಬಂದ ಹುಣಸೆ ಕಾಯಿಯೇ ವರ್ಷದ ತೊಕ್ಕಿಗೆ ಸಾಕಾಗಿದೆ.

ಮುಂದಿನ ಸಲಕ್ಕೆ

ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ: ಯಾವ ವಾರ ಎಷ್ಟು ಬಂತು, ಎಷ್ಟು ಕೆಟ್ಟಿತು. ನಾನು ಹೀಗೆ ಬರೆದ ಮೇಲೆ ಆರು ಹೀರೆ ಬಳ್ಳಿಯಿಂದ ಎರಡಕ್ಕೆ ಇಳಿದೆ. ಬೆಂಡೆ ಬೀಜವನ್ನು ಒಂದೇ ದಿನ ಹಾಕದೆ ಹದಿನೈದು ದಿನಕ್ಕೊಮ್ಮೆ ಅರ್ಧ ಸಾಲು ಹಾಕುತ್ತೇನೆ. ಟೊಮೆಟೊವನ್ನೂ ಎರಡು ಸಲವಾಗಿ ನಾಟಿ ಮಾಡಿ.

ಬಳ್ಳಿಯ ಬುಡದ ಹತ್ತಿರ ಬಿಟ್ಟ, ಸಿಹಿ ಅಂತ ಗೊತ್ತಿರುವ ಬಳ್ಳಿಯ ಒಂದು ಒಳ್ಳೆ ಹೀರೆಯನ್ನು ಕೊಯ್ಯದೆ ಬಿಡಿ. ದಾರ ಕಟ್ಟಿ ಗುರುತು ಮಾಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಕೊಯ್ದುಬಿಡುತ್ತಾರೆ. ಬಳ್ಳಿಯಲ್ಲೇ ಕಂದಾಗಿ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಿದಾಗ ತನ್ನಿ. ತುದಿ ಮುರಿದು ಕುಟ್ಟಿದರೆ ಕಪ್ಪು ಬೀಜ ಉದುರುತ್ತವೆ. ಬೂದಿ ಬೆರೆಸಿ, ಕಾಗದದಲ್ಲಿ ಕಟ್ಟಿ, ಮೇಲೆ ವರ್ಷ ಬರೆದು ಒಣ ಡಬ್ಬಿಯಲ್ಲಿಡಿ. ಉಳಿದ ನಾರನ್ನು ಪಾತ್ರೆ ತಿಕ್ಕಲು ಬಚ್ಚಲಲ್ಲಿ ನೇತುಹಾಕಿ.